ಹಾಳೆ ಹಿಡಿಯುವ ಕೆಲಸ

ಮಧುಗಿರಿ
3 ಫೆಬ್ರವರಿ 2025

ಭುವನಾ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಶುರು ಮಾಡಬೇಕಿತ್ತು. ನಂಬಿಕೆ ಇಲ್ಲದ್ದರಿಂದಲೇ ಬರೆಯಲು ಕೂತಿರುವಾಗ ಆ ನಾಟಕ ಬೇಡ ಅನ್ನಿಸಿತು. ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ‘ಹೂಂ ಅಪ್ಪ, ಊಟ ಆಯ್ತಪ್ಪ, ಇಡ್ತೀನಪ್ಪ’ ಅಂತ ಜಾರಿಕೊಳ್ಳುವುದರಲ್ಲಿ ನೀನು ಪಳಗಿದವಳು.

‘ದಿನಕ್ಕೊಂದು ಗೆರೆ’ ಗುಂಪಿಗೆ ನನ್ನನ್ನು ಸೇರಿಸಿದವಳು ನೀನೇ. ರಿಟೈರ್ ಆದ ಸರ್ವೇಯರ್ ತಾಲ್ಲೂಕು ಆಫೀಸಿನ ಮುಂದೆ ಅಡ್ಡಾಡುತ್ತ, ಹೊಸ ಹುಡುಗರ ನಕ್ಷೆಯಲ್ಲಿ ತಪ್ಪು ಹುಡುಕಿ ಬೈಸಿಕೊಳ್ಳುವುದು ಬೇಡ, ವಾಟ್ಸಾಪಿನಲ್ಲಿ ಚಿತ್ರ ಹಾಕಿಕೊಂಡಿರಲಿ ಅಂತ. ಹಾಕಿಕೊಂಡೇ ಇದ್ದೇನೆ. ಕೊಳಾಲದ ರಾಜಲಕ್ಷ್ಮಮ್ಮನವರ ಬಾಗಿಲ ತೋರಣಕ್ಕೆ, ಅಶ್ವತ್ಥ ದಿನವೂ ಬರೆಯುವ ಅದೇ ಎಮ್ಮೆಗೆ, ಕಂಡಕ್ಟರ್ ಪರಮೇಶ ಬಿಡುವಿನಲ್ಲಿ ಗೀಚುವ ಪ್ರಯಾಣಿಕರ ಗಂಟುಮೂಟೆಗೆ, ಎಲ್ಲಕ್ಕೂ ‘ಚೆನ್ನಾಗಿದೆ’ ಅಂತ ಒತ್ತುತ್ತೇನೆ. ಅವತ್ತು ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ಯಾರೂ ಯಾರ ಚಿತ್ರದಲ್ಲೂ ತಪ್ಪು ಎತ್ತಬಾರದು ಅಂತ ಗುಂಪು ನಡೆಸುವ ಗೌರೀಶ್ ಮೇಷ್ಟ್ರು ಕಟ್ಟಳೆ ಮಾಡಿದ್ದಾರಲ್ಲ. ಎರಡನೆಯದನ್ನು ಪಾಲಿಸಲು ನನಗೆಷ್ಟು ಕಷ್ಟವಾಗುತ್ತಿದೆ ಅಂತ ನಿನಗೆ ಗೊತ್ತು.

ಈಗ ನಿನ್ನ ಚಿತ್ರಕ್ಕೆ ಬರುತ್ತೇನೆ. ಮೊನ್ನೆ ಬೆಳಗಿನ ಕಾಫಿ ಅಂತ ಹಾಕಿದ್ದೀಯ. ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದಿದೆ, ಸರಳುಗಳ ನೆರಳು ಉದ್ದಕ್ಕೆ ಚಾಚಿದೆ. ಶಿರಾದ ನಿನ್ನ ರೂಮಿನ ಕಿಟಕಿ ಇರುವುದು ಪಶ್ಚಿಮಕ್ಕೆ. ಅಲ್ಲಿಗೆ ನಿನ್ನ ಗ್ಯಾಸ್ ಸಿಲಿಂಡರ್ ಹೊತ್ತು ತಂದವನು ನಾನೇ. ಪಶ್ಚಿಮದ ಕಿಟಕಿಯಲ್ಲಿ ಬೆಳಗಿನ ಬಿಸಿಲು ಯಾವ ದಾರಿಯಿಂದ ಬಂತು? ಅದಿರಲಿ, ಮಂಗಳವಾರ ಹನ್ನೊಂದು ಗಂಟೆಗೆ ಕುಕ್ಕರಿನ ಮುಚ್ಚಳ ಬರೆದು ಹಾಕಿದ್ದೀಯ. ಆ ಹೊತ್ತಿಗೆ ನೀನು ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಿರಬೇಕು.

ಯಾವ ಊರಿನಲ್ಲಿದ್ದೀಯ? ಇಷ್ಟಕ್ಕೆ ಮಾತ್ರ ಉತ್ತರ ಬರೆ.

ನಿನ್ನ ಅಪ್ಪ,
ಚಂದ್ರಶೇಖರಯ್ಯ


ಶಿರಾ
13 ಫೆಬ್ರವರಿ 2025

ಅಪ್ಪ,

ನಿನ್ನ ಕಾಗದ ಓದಿ ನಾನೂ ರೂಮಿನ ಜೊತೆಗಾತಿ ಪ್ರಿಯಾಂಕಳೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಸರ್ಕಾರ ನಿನಗೆ ಪೆನ್ಷನ್ ಕೊಟ್ಟು ಮನೆಗೆ ಕಳಿಸಿದರೂ ನೀನು ಸರ್ವೆ ನಿಲ್ಲಿಸಿಲ್ಲ. ನಾನು ನೆರಳು ಬರೆಯುವುದು ಅಂದಾಜಿನ ಮೇಲೆ. ಬಿಸಿಲಿದ್ದರೆ ಚಿತ್ರಕ್ಕೆ ಕಳೆ ಬರುತ್ತೆ ಅಂತ ಸುಮ್ಮನೆ ಹಾಕಿದೆ. ಮಂಗಳವಾರ ತಲೆನೋವು, ರಜೆ ಹಾಕಿದ್ದೆ.

ನಾನು ಚೆನ್ನಾಗಿದ್ದೇನೆ. ನೀನು ರಾತ್ರಿ ಅನ್ನ ಬಿಟ್ಟು ಮುದ್ದೆಯನ್ನೇ ಉಣ್ಣುತ್ತಿದ್ದೀಯಾ? ಗೌರೀಶ್ ಸರ್ ಸಿಕ್ಕಿದ್ದರು. ನಿನ್ನ ತಂದೆಯವರ ಕೈ ಬಹಳ ನಿಖರ, ಆದರೆ ಅವರ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲವಲ್ಲ ಅಂದರು.

ಭುವನಾ


ಶಿರಾ ಬಸ್ ಸ್ಟ್ಯಾಂಡ್
21 ಫೆಬ್ರವರಿ 2025

ಭುವನಾ,

ಪತ್ರದ ಮೇಲೆ ಶಿರಾ ಅಂತ ನೋಡಿ ಗಾಬರಿಯಾಯಿತೇ? ಆಗಲಿ. ಬೆಳಗ್ಗೆಯಿಂದ ನಾನೂ ಅದನ್ನೇ ಅನುಭವಿಸುತ್ತಿದ್ದೇನೆ.

ನಿನ್ನ ಶಾಲೆಗೆ ಹೋಗಿದ್ದೆ. ಭುವನಾ ಮೇಡಂ ಸಂಕ್ರಾಂತಿಯಿಂದ ರಜೆ ಅಂದರು. ಅಲ್ಲಿಂದ ರೂಮಿಗೆ ಹೋದೆ. ಪ್ರಿಯಾಂಕ ಬಾಗಿಲು ತೆಗೆದು ನನ್ನ ಮುಖ ನೋಡಿದವಳು, ಸುಳ್ಳು ಹೇಳಲೂ ಬಾಯಿ ಬರದೆ ನಿಜ ಹೇಳಲೂ ಆಗದೆ ಟೀ ಮಾಡುತ್ತೇನೆ ಅಂತ ಒಳಗೆ ಹೋಗಿಬಿಟ್ಟಳು. ಪಾಪದ ಹುಡುಗಿ. ನಾನು ಏನನ್ನೂ ಕೇಳಲಿಲ್ಲ. ಈ ಕಾಗದವನ್ನು ಅವಳ ಕೈಗೇ ಕೊಟ್ಟು ಹೋಗುತ್ತೇನೆ, ನೀನು ಎಲ್ಲಿದ್ದೀಯೋ ಅಲ್ಲಿಗೆ ಕಳಿಸಲಿ.

ಎಲ್ಲಿದ್ದೀಯ ಅಂತ ನಾನು ಕೇಳಬೇಕಾಗಿಯೂ ಇಲ್ಲ. ನಿನ್ನೆ ನೀನು ಗೋಡೆಯ ಮೊಳೆಗೆ ನೇತುಹಾಕಿದ ಒಂದು ವೈರ್ ಬುಟ್ಟಿ ಬರೆದಿದ್ದೀಯ. ಹಸಿರು ಬಿಳಿ ಹೆಣಿಗೆ. ಹಿಡಿಯ ಬುಡದಲ್ಲಿ ಒಂದೇ ಒಂದು ಕಪ್ಪು ಗಂಟು. ಹೆಣೆದ ಬುಟ್ಟಿಗೆ ದೃಷ್ಟಿ ತಾಗಬಾರದು ಅಂತ ಕೆನ್ನೆಗೆ ಇಟ್ಟ ಬೊಟ್ಟಿನ ಹಾಗೆ ಒಂದು ಕಪ್ಪು ಗಂಟು ಹಾಕುವವರನ್ನು ನಾನು ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅದನ್ನು ಬಿಟ್ಟು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಬಾಯಲ್ಲಿ ಸುಳ್ಳು ಹೇಳಲು ಕಲಿತೆ, ಕೈಗೆ ಕಲಿಸಲಿಲ್ಲ.

ಹಬ್ಬಕ್ಕೆ ಗೆಳತಿಯ ಮನೆಗೆ ಅಂತ ನೀನು ಪಾವಗಡಕ್ಕೆ ಹೋಗಿಬರುವುದು ನನಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ? ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಅದು ಹಾಗೇ ನಡೆಯುತ್ತಿತ್ತು. ಆದರೆ ಸಂಬಳ ಬಿಟ್ಟು, ಪರೀಕ್ಷೆಯ ಸಮಯದಲ್ಲಿ ಕೆಲಸ ಬಿಟ್ಟು ಕೂತಿದ್ದೀಯ ಅಂದರೆ ಅಲ್ಲಿ ಏನೋ ಆಗಿದೆ. ಏನಾಗಿದೆ ಅಂತ ಬರೆ. ಕೂತಲ್ಲಿ ಕೂರಲು ಆಗುತ್ತಿಲ್ಲ.

ಅಪ್ಪ


ಪಾವಗಡ
6 ಮಾರ್ಚ್ 2025

ಅಪ್ಪ,

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಂಕ್ರಾಂತಿಯ ಮಾರನೇ ದಿನ ಅಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು. ನೀರಿನ ಕೊಡ ಇಳಿಸುತ್ತಿದ್ದವಳು ಅಲ್ಲೇ ಕುಸಿದಳಂತೆ. ಈಗ ಜೀವಕ್ಕೆ ಅಪಾಯವಿಲ್ಲ. ಮಾತು ಮತ್ತೆ ಬಂದಿದೆ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾಳೆ. ಕೈ ಮಾತ್ರ ಹಾಗೇ ಇದೆ. ಮೊದಲ ಕೆಲವು ತಿಂಗಳು ಬಿಡದೆ ವ್ಯಾಯಾಮ ಮಾಡಿಸಿದರೆ ಬರುತ್ತೆ, ಬಿಟ್ಟರೆ ಬರುವುದು ಕಷ್ಟ ಅಂದಿದ್ದಾರೆ ಡಾಕ್ಟರು. ದಿನವೂ ಚೆಂಡು ಅದುಮಿಸಬೇಕು, ಬೆರಳು ಬಿಡಿಸಬೇಕು. ಆ ಕೈಯಿಂದಲೇ ಬುಟ್ಟಿ ಹೆಣೆದು ಶನಿಮಹಾತ್ಮನ ಗುಡಿ ಬೀದಿಯ ಅಂಗಡಿಗಳಿಗೆ ಹಾಕಿ ಇಷ್ಟು ವರ್ಷ ಒಬ್ಬಳೇ ಬದುಕಿದವಳು. ಈಗ ಆ ಕೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಾ ಕೂರುತ್ತಾಳೆ.

ನಿನಗೆ ಹೇಳಬೇಡ ಅಂದವಳು ಅವಳೇ. ಫೋನ್ ಮಾಡೋಣವೆಂದರೆ ಇರುವುದೊಂದೇ ಕೋಣೆ, ಪ್ರತಿ ಮಾತೂ ಕೇಳುತ್ತೆ. ಹಾಗಾಗಿ ನಾನೂ ನಿನ್ನ ಹಾಗೆ ಕಾಗದ ಹಿಡಿದಿದ್ದೇನೆ. ಶಾಲೆಯವರು ಮೇ ಕೊನೆಯಲ್ಲಿ ಬಾಗಿಲು ತೆರೆಯುವ ದಿನ ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ಅದನ್ನು ಅಮ್ಮನಿಗೆ ಹೇಳಿಲ್ಲ.

ದಯವಿಟ್ಟು ಬರಬೇಡ. ಒಂದು ವಿಷಯ ಮಾತ್ರ ತಿಳಿದಿರಲಿ. ಗುಂಪಿನಲ್ಲಿ ನೀನು ಹಾಕುವ ಚಿತ್ರಗಳನ್ನು ಅಮ್ಮ ದಿನವೂ ನೋಡುತ್ತಾಳೆ. ನಿನ್ನದು ಬಂದಿತಾ ಅಂತ ಬಾಯಿಬಿಟ್ಟು ಕೇಳುವುದಿಲ್ಲ, ಎಲ್ಲರದ್ದೂ ತೋರಿಸು ಅನ್ನುತ್ತಾಳೆ. ಬೆಟ್ಟ, ಗೋಡೆ, ಕರೆಂಟ್ ಕಂಬ, ಮತ್ತೆ ಗೋಡೆ. ನಿನ್ನೆ ನೋಡಿ, ‘ಇವತ್ತೂ ಗೋಡೆ ನೆಟ್ಟಗೆ ನಿಂತೈತೆ’ ಅಂದಳು. ನಗುತ್ತಿದ್ದಳೋ ಸಿಟ್ಟೋ ತಿಳಿಯಲಿಲ್ಲ.

ನನಗೆ ಆಗ ಹದಿನಾರು ವರ್ಷ. ಅವಳು ಬಾಗಿಲಿಗೆ ಹಾಕಿದ್ದ ರಂಗೋಲಿಯ ಎಳೆ ಸೊಟ್ಟ ಇದೆ ಅಂತ ನೀನು ಕಾಲಲ್ಲಿ ಒರೆಸಿ, ಬಗ್ಗಿ ನೀನೇ ಮತ್ತೆ ಎಳೆದೆ. ಬೀದಿಯ ಹೆಂಗಸರು ನೋಡುತ್ತಿದ್ದರು. ಅವಳು ಹೋದದ್ದಕ್ಕೆ ನೂರು ಕಾರಣ ಇರಬಹುದು, ನಾನು ಕಂಡದ್ದು ಅದೊಂದು. ಇದನ್ನು ಬರೆಯಬೇಕೆಂದಿರಲಿಲ್ಲ, ಬರೆದಾಯಿತು.

ಭುವನಾ


ಮಧುಗಿರಿ
14 ಮಾರ್ಚ್ 2025

ಭುವನಾ,

ಆ ಎಳೆ ಸೊಟ್ಟ ಇತ್ತು. ಇತ್ತು ಅಂದಮೇಲೆ ಇತ್ತು. ಇಷ್ಟನ್ನು ಬರೆದು ನಾಲ್ಕು ದಿನ ಕಾಗದ ಮಡಿಸಿಟ್ಟಿದ್ದೆ. ಹರಿಯಬೇಕು ಅನ್ನಿಸಿತು, ಹರಿಯಲಿಲ್ಲ. ನೀನು ಮನಸ್ಸಿನಲ್ಲಿದ್ದದ್ದನ್ನು ಬರೆದೆ, ನಾನೂ ಬರೆಯುತ್ತೇನೆ.

ಈ ನಾಲ್ಕು ದಿನ ಏನು ಮಾಡಿದೆ ಅಂತ ಕೇಳು. ಪಾವಗಡದ ಬಸ್ ಹತ್ತಿದೆ, ಮಿಡಿಗೇಶಿಯಲ್ಲಿ ಇಳಿದೆ. ಅಲ್ಲೊಂದು ಟೀ ಕುಡಿದು ಎದುರು ಬಸ್ಸಿಗೆ ವಾಪಸ್ ಬಂದೆ. ಮರುದಿನವೂ ಅದೇ ಕಥೆ. ಅವತ್ತು ಕಂಡಕ್ಟರ್ ನಮ್ಮ ಪರಮೇಶ. ಮಿಡಿಗೇಶಿಯಲ್ಲಿ ಯಾರಿದಾರೆ ಸಾರ್ ಅಂತ ಕೇಳಿದ. ಅಲ್ಲಿ ಒಂದು ಗಡಿಕಲ್ಲು ನೋಡುವುದಿದೆ ಅಂದೆ. ಪಾಪ, ನಂಬಿದ.

ನಿನ್ನ ಕೆಲಸ ಹೋಗಬಾರದು. ಇದೊಂದು ಮಾತನ್ನು ಅವಳೂ ಒಪ್ಪುತ್ತಾಳೆ, ಬೇಕಾದರೆ ಕೇಳು. ನನಗೆ ಪೆನ್ಷನ್ ಬರುತ್ತೆ, ಕೈಕಾಲು ಗಟ್ಟಿ ಇದೆ, ಮಾಡಲು ಕೆಲಸವಿಲ್ಲ. ಚೆಂಡು ಅದುಮಿಸಲು ಬಿ.ಎಡ್. ಓದಿರಬೇಕಾ? ನಾನು ಬರುತ್ತೇನೆ, ನೀನು ಹೊರಡು. ಕೇಳಿ ನೋಡು.

ಮನುಷ್ಯರಿಲ್ಲ ಅಂತ ನಿನ್ನ ಮೇಷ್ಟ್ರೂ ಅವಳೂ ಸೇರಿ ಅಂದಿದ್ದಕ್ಕೆ, ನಿನ್ನೆ ಹಾಲಿನವನನ್ನು ನಿಲ್ಲಿಸಿ ಬರೆದೆ. ಮುಖ ಬರಲಿಲ್ಲ. ಕ್ಯಾನ್ ಮಾತ್ರ ಅಚ್ಚುಕಟ್ಟಾಗಿ ಬಂದಿದೆ.

ಅಪ್ಪ


ಪಾವಗಡ
20 ಏಪ್ರಿಲ್ 2025

ಅಪ್ಪ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಮಾತನ್ನು ಅಮ್ಮನ ಕಿವಿಗೆ ಹಾಕಲು ಸಮಯ ಕಾಯುತ್ತಿದ್ದೆ. ಆ ಸಮಯ ಬಂದಿತ್ತು. ನೀನೇ ಕೆಡಿಸಿದೆ.

ಕೈಗೆ ವ್ಯಾಯಾಮ ಮಾಡಿಸಲು ಬರುವವರು, ದಪ್ಪ ಮಾರ್ಕರ್ ಹಿಡಿಸಿ ಗೆರೆ ಎಳೆಸಿ ಅಂದರು. ಅಮ್ಮ ಮೊದಲು ಬೇಡವೆಂದಳು, ಆಮೇಲೆ ಬಿಡಲೇ ಇಲ್ಲ. ಬಲಗೈ ನಡುಗದಂತೆ ಎಡಗೈಯಲ್ಲಿ ಹಿಡಿದುಕೊಂಡು ಎಳೆಯುತ್ತಾಳೆ, ಹಾಳೆ ಜಾರದ ಹಾಗೆ ನಾನು ಒತ್ತಿ ಹಿಡಿಯುತ್ತೇನೆ. ಕಳೆದ ಭಾನುವಾರ ಒಂದು ಚೆಂಬು ಬರೆದಳು. ಚೆಂಬು ಅಂತ ನೋಡಿದ ತಕ್ಷಣ ತಿಳಿಯುತ್ತಿತ್ತು ಅಪ್ಪ. ನನಗೆ ಅಳು ಬಂತು. ಗುಂಪಿಗೆ ಹಾಕುತ್ತೇನೆ ಅಂದೆ. ‘ನನ್ ಹೆಸ್ರು ಹಾಕ್ಬೇಡ, ನಿಂದೇ ಅಂದ್ಕಳ್ಳಿ’ ಅಂದಳು. ಅದಕ್ಕೆ ಏನನ್ನೂ ಬರೆಯದೆ ಹಾಕಿದೆ.

ಬಂದ ಉತ್ತರಗಳನ್ನು ಒಂದೊಂದೇ ಓದಿಸಿಕೊಂಡಳು. ಅಶ್ವತ್ಥ ಸೂಪರ್ ಅಂದಿದ್ದ. ರಾಜಲಕ್ಷ್ಮಮ್ಮ ಚೆಂಬಿನಲ್ಲಿ ನೀರು ತುಳುಕುವ ಹಾಗಿದೆ ಅಂದಿದ್ದರು. ಅದನ್ನು ಎರಡು ಸಲ ಓದಿಸಿದಳು. ಆಮೇಲೆ ನಿನ್ನದು ಬಂತು. ‘ಗೆರೆ ಸೊಟ್ಟ. ಚೆಂಬು ವಾಲಿದೆ. ನಿನ್ನ ಕೈಗೆ ಏನಾಗಿದೆ? ಅಳಿಸಿ ಇನ್ನೊಂದು ಸಲ ಬರೆ.’

ನಾನು ಓದದೆ ಬಿಟ್ಟೆ. ಆದರೆ ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಫೋನ್ ಕೊಡು ಅಂತ ಎಡಗೈ ಚಾಚಿದಳು, ತಾನೇ ಓದಿಕೊಂಡಳು. ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತಿನಿಂದ ಮಾರ್ಕರ್ ಮುಟ್ಟಿಲ್ಲ, ಚೆಂಡೂ ಮುಟ್ಟಿಲ್ಲ. ಕೈ ಮಾಡಿಸುವವರು ಬಂದರೆ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚುತ್ತಾಳೆ.

ನನ್ನದು ಅಂದುಕೊಂಡು ನೀನು ಬರೆದದ್ದು ಅಂತ ನನಗೆ ಗೊತ್ತು. ಅವಳಿಗೂ ಗೊತ್ತು. ಆದರೆ ನಲವತ್ತು ಜನರಿಗೆ ಚೆನ್ನಾಗಿ ಕಂಡದ್ದರಲ್ಲಿ ನಿನಗೊಬ್ಬನಿಗೆ ಯಾಕಪ್ಪ ಸೊಟ್ಟ ಕಾಣುತ್ತೆ?

ಭುವನಾ


ಮಧುಗಿರಿ
25 ಏಪ್ರಿಲ್ 2025

ಭುವನಾ,

ಮೊದಲೇ ಹೇಳಬಾರದಿತ್ತಾ ಅಂತ ನಿನ್ನ ಮೇಲೆ ಕೂಗಾಡಿದೆ, ಇಲ್ಲೇ ಖಾಲಿ ಮನೆಯಲ್ಲಿ. ಕೆಳಗಿನ ಮನೆಯವರು ಬಂದು ಯಾರ ಜೊತೆ ಜಗಳ ಸಾರ್ ಅಂದರು.

ಅದನ್ನು ಅಳಿಸಲು ನೋಡಿದೆ. ಎಲ್ಲರಿಗೂ ಅಳಿಸು ಅನ್ನುವುದು ಬರುತ್ತಲೇ ಇಲ್ಲ. ಮೊಬೈಲ್ ಅಂಗಡಿಯ ಹುಡುಗಿಗೆ ತೋರಿಸಿದೆ. ದಿನ ಮೀರಿದೆ ಅಂಕಲ್, ಈಗ ನಿಮ್ಮ ಫೋನಿನಲ್ಲಿ ಮಾತ್ರ ಅಳಿಸಬಹುದು ಅಂದಳು. ನನ್ನ ಫೋನಿನಲ್ಲಿ ಅಳಿಸಿ ಏನು ಬಂತು? ಓದಿದವಳು ಅಲ್ಲಿದ್ದಾಳೆ.

ಊಟ ಸೇರುತ್ತಿಲ್ಲ. ಬೆಟ್ಟದ ಬುಡದ ತನಕ ನಡೆದು ಬರುತ್ತೇನೆ, ಬಂದ ತಕ್ಷಣ ಮತ್ತೆ ಹೊರಡಬೇಕು ಅನ್ನಿಸುತ್ತೆ. ನನಗೆ ಅವಳು ವಾಪಸ್ ಬರಲಿ ಅನ್ನುವ ಆಸೆ ಇಲ್ಲ. ಸುಳ್ಳು, ಇದೆ. ಆದರೆ ನಾನು ಈಗ ಕೇಳುತ್ತಿರುವುದು ಅದನ್ನಲ್ಲ. ಅವಳ ಕೈ ಬರಬೇಕು. ನಿನ್ನ ಕೆಲಸ ಉಳಿಯಬೇಕು. ಎರಡಕ್ಕೂ ಅಲ್ಲಿ ಒಬ್ಬರು ಇರಬೇಕು, ಬೇರೆ ಯಾರಿದ್ದಾರೆ ಹೇಳು.

ಗುಂಪಿನಲ್ಲಿ ಒಂದು ಮಾತು ಹಾಕುವುದಿದೆ. ಎಲ್ಲರ ಎದುರಿಗೆ ಅಂದದ್ದಕ್ಕೆ ಎಲ್ಲರ ಎದುರಿಗೇ ಆಗಬೇಕು. ಬೆಳಗ್ಗೆಯಿಂದ ಬರೆದು ಬರೆದು ಅಳಿಸುತ್ತಿದ್ದೇನೆ. ಈ ಕಾಗದ ಡಬ್ಬಕ್ಕೆ ಹಾಕಿ ಬಂದು ಒತ್ತಿಬಿಡುತ್ತೇನೆ.

ಅಪ್ಪ


ಪಾವಗಡ
9 ಮೇ 2025

ಅಪ್ಪ,

ನೀನು ಗುಂಪಿನಲ್ಲಿ ಹಾಕಿದ್ದನ್ನು ಅಮ್ಮನಿಗೆ ನಾನು ತೋರಿಸಲಿಲ್ಲ. ರಾಜಲಕ್ಷ್ಮಮ್ಮನವರು ನನಗೆ ಫೋನ್ ಮಾಡಿ ಅಳುತ್ತಾ ವಿಚಾರಿಸಿದರು, ಆಗ ಅವಳಿಗೆ ಗೊತ್ತಾಯಿತು. ಫೋನ್ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ‘ಆ ಚೆಂಬು ಬರೆದವರು ನನ್ನ ಹೆಂಡತಿ ಚನ್ನಮಲ್ಲಮ್ಮ. ಪಾರ್ಶ್ವವಾಯು ಆದ ಕೈಯಲ್ಲಿ ಬರೆದದ್ದು. ನಾನು ಅಂದದ್ದು ತಪ್ಪು. ಅದನ್ನು ಅಳಿಸಲು ಬರುತ್ತಿಲ್ಲ, ಅದಕ್ಕೆ ಕೆಳಗೆ ಇದನ್ನು ಬರೆಯುತ್ತಿದ್ದೇನೆ.’

ಮೊದಲು ಅವಳಿಗೆ ಸಿಟ್ಟು ಬಂತು. ಇಷ್ಟು ಜನರ ಮುಂದೆ ನನ್ನ ಹೆಸರು ಯಾಕೆ ಎತ್ತಬೇಕಿತ್ತು ಅಂತ ಮಧ್ಯಾಹ್ನವೆಲ್ಲಾ ಗೊಣಗಿದಳು. ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದೆ, ಮತ್ತೆ ಓದುತ್ತಿರುವುದು ಕೇಳಿಸಿತು. ಹೆಂಡತಿ ಅನ್ನುವಲ್ಲಿಗೆ ಬಂದು ನಿಲ್ಲಿಸಿದಳು.

ನಾಲ್ಕು ದಿನ ಬಿಟ್ಟು ಶಾಲೆಯ ವಿಷಯ ಹೇಳಿದೆ. ಚೆನ್ನಾಗಿ ಬೈಸಿಕೊಂಡೆ. ನಿನ್ನ ಕೆಲಸ ಕಳೆದು ನನ್ನ ಕೈ ಬರೋದಾದರೆ ಆ ಕೈಯೇ ಬೇಡ ಅಂದಳು. ಆಗ ನಿನ್ನ ಮಾತು ಹೇಳಿದೆ. ಅದಕ್ಕೆ ಅವಳು ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

‘ಬರ್ಲಿ. ಪಕ್ಕದ ಸಂದಿನಾಗೆ ರೂಮು ಖಾಲಿ ಐತೆ, ಅಲ್ಲಿರ್ಲಿ. ನಾನು ಮಾಡಿದ್ದು ಸರಿ ಅಂತ್ಲೂ ಅನ್ಬಾರ್ದು, ತಪ್ಪು ಅಂತ್ಲೂ ಅನ್ಬಾರ್ದು. ಚೆನ್ನಾಗೈತೆ ಅನ್ನೋದಂತೂ ಬ್ಯಾಡ್ವೇ ಬ್ಯಾಡ. ಬಾಯ್ ಮುಚ್ಕಂಡು ಹಾಳೆ ಇಡ್ಕಳಕ್ಕಾದ್ರೆ ಬರ್ಲಿ ಕಣಮ್ಮ. ಆಗದಿದ್ರೆ ಪರವಾಲೇದು, ನಾನೇ ಹೆಂಗೋ ಮಾಡ್ಕಂತೀನಿ.’

ಆಗುತ್ತಾ ಅಪ್ಪ? ಆಗದಿದ್ದರೆ ಈಗಲೇ ಹೇಳಿಬಿಡು. ಇನ್ನೊಂದು ಸಲ ಅವಳು ಗೋಡೆ ಕಡೆ ತಿರುಗಿದರೆ ನನ್ನಿಂದ ತಿರುಗಿಸಲು ಆಗುವುದಿಲ್ಲ.

ಭುವನಾ


ಪಾವಗಡ
6 ಜುಲೈ 2025

ಭುವನಾ,

ಮಕ್ಕಳು ಹೇಗಿದ್ದಾರೆ? ಎಂಟನೇ ಕ್ಲಾಸು ನಿನಗೇ ಸಿಕ್ಕಿತು ಅಂತ ತಿಳಿದು ನಿನ್ನಮ್ಮ ಇಲ್ಲಿನ ಓಣಿಗೆಲ್ಲಾ ಹೇಳಿದಳು. ನನಗೆ ನೇರವಾಗಿ ಹೇಳಲಿಲ್ಲ. ನನಗೆ ಕೇಳಿಸಬೇಕಾದದ್ದನ್ನು ಪಕ್ಕದ ಮನೆಯವರಿಗೆ ತೆಲುಗಿನಲ್ಲಿ ಹೇಳುತ್ತಾಳೆ, ಅವರು ನನಗೆ ಕನ್ನಡದಲ್ಲಿ ಹೇಳುತ್ತಾರೆ. ತೆಲುಗು ನನಗೂ ಬರುತ್ತೆ ಅಂತ ಅವಳಿಗೆ ಗೊತ್ತು. ನಡೆಯಲಿ ಬಿಡು.

ಮೊದಲ ವಾರ ಪ್ರಾಣ ಹೋದ ಹಾಗಾಗಿತ್ತು. ಕಣ್ಣೆದುರಿಗೆ ಗೆರೆ ಎತ್ತೆತ್ತಲೋ ಹೋಗುತ್ತಿದೆ, ನಾನು ಹಲ್ಲು ಕಚ್ಚಿಕೊಂಡು ಹಾಳೆ ಹಿಡಿದು ಕೂತಿದ್ದೇನೆ. ಕಾಲು ಸುಮ್ಮನಿರುವುದಿಲ್ಲ, ಕುಣಿಯುತ್ತೆ. ‘ಹಾಳೆ ಅಲ್ಲಾಡ್ತಾ ಐತೆ ಅಂತ ಯೋಳಿ’ ಅಂತ ಪಕ್ಕದ ಮನೆಯವರನ್ನು ಕೂಗಿ ಹೇಳಿದಳು. ಒಂದೊಂದು ಸಲ ಎದ್ದು ಬೀದಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತೇನೆ. ಅಲ್ಲಿಯ ತನಕ ಅವಳು ಮಾರ್ಕರ್ ಕೆಳಗಿಟ್ಟು ಕಾಯುತ್ತಾಳೆ, ಅದನ್ನು ನಾನು ಕಿಟಕಿಯಲ್ಲಿ ನೋಡಿದ್ದೇನೆ.

ಕೈ ಸುಧಾರಿಸಿದೆ. ಹೆಬ್ಬೆರಳು ಒಳಗೆ ಮಡಿಯುತ್ತೆ, ಲೋಟ ಹಿಡಿಯುತ್ತಾಳೆ. ಬುಟ್ಟಿಯ ಗಂಟು ಇನ್ನೂ ಬಂದಿಲ್ಲ. ಬರಬಹುದು ಅಂದಿದ್ದಾರೆ, ಬರದೆಯೂ ಇರಬಹುದು ಅಂದಿದ್ದಾರೆ.

ನಿನ್ನೆಯ ವಿಷಯ ಬರೆಯಲು ಈ ಕಾಗದ ಶುರು ಮಾಡಿದ್ದು. ಕಿಟಕಿಯಾಚೆ ಕಾಣುವ ತಂತಿ ಬರೆಯುತ್ತಿದ್ದಳು, ಬಟ್ಟೆ ಒಣಗಿಸುವ ತಂತಿ. ಒಂದೇ ಗೆರೆ. ಎಡದಿಂದ ಶುರು ಮಾಡಿ ನಿಧಾನವಾಗಿ ಎಳೆಯುತ್ತಾ ಬಂದಳು. ಕೈ ನಿಲ್ಲಿಸಲು ಆಗಲಿಲ್ಲವೋ, ಬೇಕೆಂದೇ ನಿಲ್ಲಿಸಲಿಲ್ಲವೋ, ಗೆರೆ ಹಾಳೆಯ ಅಂಚು ದಾಟಿ ನನ್ನ ಹೆಬ್ಬೆರಳ ಮೇಲೆ ಬಂತು. ಅಲ್ಲಿಂದ ಕೈಯ ಬೆನ್ನಿನ ಮೇಲೆ, ಮಣಿಕಟ್ಟಿನ ತನಕ. ನಾನು ಕೈ ತೆಗೆಯಲಿಲ್ಲ. ಅವಳೂ ಎತ್ತಲಿಲ್ಲ. ಗಡಿಯಾರದ ಪಟ್ಟಿ ಅಡ್ಡ ಬಂದಾಗ ನನ್ನ ಮುಖ ನೋಡಿದಳು. ಬಾಯಿ ಬಿಟ್ಟರೆ ಕೊಟ್ಟ ಮಾತು ಮುರಿದ ಹಾಗಾಗುತ್ತಿತ್ತು, ಅದಕ್ಕೆ ಇನ್ನೊಂದು ಕೈಯಿಂದ ಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟೆ.

ಅಪ್ಪ